ಒಳ್ಳೆಯ ಮನಸ್ಸಿನ ಎಂಟು ಸಹಿಗಳು: ಬರ್ಮಿಂಗ್‌ಹ್ಯಾಮ್, 1963

ವರ್ಣಭೇದದ ಕಥೆ ಹೇಳುವಾಗ ನಾವು ಸಾಮಾನ್ಯವಾಗಿ ಕೆಟ್ಟವರನ್ನೇ ಎದುರಿಗೆ ನಿಲ್ಲಿಸುತ್ತೇವೆ. ಬಿಳಿಯರೇ ಮೇಲು ಅಂತ ಹಿಂಸೆಗಿಳಿದ, ಬಿಳಿ ಮುಸುಕಿನ ಕು ಕ್ಲಕ್ಸ್ ಕ್ಲ್ಯಾನ್ ಗುಂಪು, ಜನರ ಮೇಲೆ ನಾಯಿ ಬಿಟ್ಟ ಪೊಲೀಸ್ ಅಧಿಕಾರಿ, ರಾತ್ರಿ ಬಂದು ಬಾಂಬ್ ಇಟ್ಟು ಹೋದವನು. ಅವರ ಬಗ್ಗೆ ಓದುವುದು ಸುಲಭ. ನಾನೂ ಹೀಗೇ ಇದ್ದೇನಾ ಅಂತ ಯಾರಿಗೂ ಅನುಮಾನ ಬರುವುದಿಲ್ಲ.

ಈ ಪ್ರಕರಣದಲ್ಲಿ ನಾನು ನೋಡಬೇಕು ಅಂದುಕೊಂಡಿರುವುದು ಎಂಟು ಜನ ಧರ್ಮಗುರುಗಳನ್ನು. ಅಮೆರಿಕದ ಅಲಬಾಮಾ ರಾಜ್ಯದ ಬಿಳಿಯರು. ಓದಿದವರು, ಮೆದು ಮಾತಿನವರು, ಊರಲ್ಲಿ ಗೌರವ ಇದ್ದವರು. ಎಪಿಸ್ಕೋಪಲ್ ಬಿಷಪ್ ಕಾರ್ಪೆಂಟರ್, ಅವರ ಜೊತೆಗಿದ್ದ ಬಿಷಪ್ ಜಾರ್ಜ್ ಮರ‍್ರೆ, ಕ್ಯಾಥೊಲಿಕ್ ಸಹಾಯಕ ಬಿಷಪ್ ಜೋಸೆಫ್ ಡ್ಯೂರಿಕ್, ಯಹೂದಿ ರಬ್ಬಿ ಮಿಲ್ಟನ್ ಗ್ರಾಫ್‌ಮನ್, ಮೆಥಡಿಸ್ಟ್ ಬಿಷಪ್‌ಗಳಾದ ಪಾಲ್ ಹಾರ್ಡಿನ್ ಮತ್ತು ನೋಲನ್ ಹಾರ್ಮನ್, ಪ್ರೆಸ್ಬಿಟೇರಿಯನ್ ಪಾದ್ರಿ ಎಡ್ವರ್ಡ್ ರ‍್ಯಾಮೇಜ್, ಬ್ಯಾಪ್ಟಿಸ್ಟ್ ಪಾದ್ರಿ ಅರ್ಲ್ ಸ್ಟಾಲಿಂಗ್ಸ್. 1963ರ ಏಪ್ರಿಲ್ 12ರಂದು ಇವರು ಒಂದು ಹೇಳಿಕೆಗೆ ಸಹಿ ಹಾಕಿದರು. ಊರಿನ ಒಳ್ಳೆಯದಕ್ಕೇ ಹಾಕಿದರು. ಅದಕ್ಕೆ ಕಪ್ಪು ಜನರ ಹಕ್ಕುಗಳ ಚಳವಳಿಯ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಜೈಲಿನೊಳಗಿಂದ ಬರೆದ ಉತ್ತರ ಇವತ್ತಿಗೂ ಪಾಠಪುಸ್ತಕಗಳಲ್ಲಿದೆ. ಈ ಎಂಟು ಜನರ ಹೆಸರು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ.

ಒಳ್ಳೆಯ ಮನಸ್ಸು ಇದ್ದವರು ಅನ್ಯಾಯವನ್ನು ಕಂಡಾಗ ಏನು ಮಾಡುತ್ತಾರೆ, ಯಾವ ಮಾತು ಆಡುತ್ತಾರೆ, ಅದನ್ನು ಯಾರಾದರೂ ಪ್ರಶ್ನಿಸಿದರೆ ಹೇಗೆ ನೊಂದುಕೊಳ್ಳುತ್ತಾರೆ ಅಂತ ತಿಳಿಯಲು ನನಗೆ ಇದಕ್ಕಿಂತ ಸ್ಪಷ್ಟವಾದ ಪ್ರಕರಣ ಸಿಕ್ಕಿಲ್ಲ.

ಊರು ಹೇಗಿತ್ತು

ಬರ್ಮಿಂಗ್‌ಹ್ಯಾಮ್ ಉಕ್ಕಿನ ಕಾರ್ಖಾನೆಗಳ ಊರು. 1960ರ ಜನಗಣತಿಯಲ್ಲಿ ಸುಮಾರು 3,40,000 ಜನ, ಅದರಲ್ಲಿ ಹತ್ತಕ್ಕೆ ನಾಲ್ಕು ಜನ ಕಪ್ಪು ವರ್ಣದವರು. ಬಿಳಿಯರನ್ನೂ ಕಪ್ಪು ಜನರನ್ನೂ ಬೇರೆ ಬೇರೆ ಇಡುವ ಪ್ರತ್ಯೇಕತೆ ಅಲ್ಲಿ ಬರೀ ರೂಢಿ ಆಗಿರಲಿಲ್ಲ, ನಗರದ ಕಾನೂನು ಪುಸ್ತಕದಲ್ಲೇ ಬರೆದಿಟ್ಟಿದ್ದರು. ಒಂದೇ ಹೋಟೆಲಲ್ಲಿ ಇಬ್ಬರಿಗೂ ಊಟ ಕೊಡಬೇಕಾದರೆ ನಡುವೆ ಏಳು ಅಡಿ ಎತ್ತರದ ಗೋಡೆ ಬೇಕು. ಇಬ್ಬರೂ ಕೂಡಿ ಇಸ್ಪೀಟು ಆಡುವಂತಿಲ್ಲ, ಡಾಮಿನೋ ಆಡುವಂತಿಲ್ಲ, ಬೇಸ್‌ಬಾಲ್ ಆಡುವಂತಿಲ್ಲ. ಬಟ್ಟೆ ಅಂಗಡಿಯಲ್ಲಿ ಕಪ್ಪು ಹೆಂಗಸರು ದುಡ್ಡು ಕೊಟ್ಟು ಉಡುಪು ಕೊಳ್ಳಬಹುದು, ಅಳತೆ ನೋಡುವ ಕೋಣೆಗೆ ಹೋಗುವಂತಿಲ್ಲ. ಅದೇ ಅಂಗಡಿಯ ಊಟದ ಕೌಂಟರಿನಲ್ಲಿ ಕೂರುವಂತಿಲ್ಲ. ಪೊಲೀಸ್ ಇಲಾಖೆಯಲ್ಲಿ ಒಬ್ಬ ಕಪ್ಪು ಪೊಲೀಸ್ ಕೂಡ ಇರಲಿಲ್ಲ. ಮೊದಲನೆಯವರು ಸೇರಿದ್ದು 1966ರಲ್ಲಿ.

ಬಿಳಿಯರ ಬೀದಿಯ ಅಂಚಿಗೆ ಮನೆ ಕೊಂಡ ಕಪ್ಪು ಕುಟುಂಬಗಳ ಮೇಲೆ ಎಷ್ಟು ಬಾಂಬ್ ಬಿದ್ದವು ಅಂದರೆ ಆ ಗುಡ್ಡಕ್ಕೆ ಡೈನಮೈಟ್ ಹಿಲ್ ಅಂತಲೇ ಹೆಸರು ಬಂತು. ಊರಿಗೆ ಬಾಂಬಿಂಗ್‌ಹ್ಯಾಮ್ ಅಂತ ಅಡ್ಡಹೆಸರು. ಪೊಲೀಸ್ ಮತ್ತು ಅಗ್ನಿಶಾಮಕ ಇಲಾಖೆ ಎರಡೂ ಬುಲ್ ಕಾನರ್ ಎಂಬವನ ಕೈಯಲ್ಲಿದ್ದವು. 1961ರ ಮೇ 14ರಂದು, ಬಸ್ಸುಗಳಲ್ಲಿ ಒಟ್ಟಿಗೆ ಪ್ರಯಾಣ ಮಾಡುತ್ತಿದ್ದ ಫ್ರೀಡಂ ರೈಡರ್ಸ್ ಎಂಬ ಕಪ್ಪು ಮತ್ತು ಬಿಳಿ ಯುವಕರು ಈ ಊರಿಗೆ ಬಂದು ಇಳಿದಾಗ, ಅವರನ್ನು ಹೊಡೆಯಲು ಕ್ಲ್ಯಾನ್‌ನವರಿಗೆ ಹದಿನೈದು ನಿಮಿಷ ಸಮಯ ಬಿಟ್ಟುಕೊಡಲು ಇದೇ ಪೊಲೀಸರು ಮೊದಲೇ ಒಪ್ಪಿಕೊಂಡಿದ್ದರು. ಈ ಪೊಲೀಸರ ವಿಷಯ ನೆನಪಿರಲಿ, ಮುಂದೆ ಬರುತ್ತದೆ.

ಜನವರಿಯ ಧೈರ್ಯ

ನ್ಯಾಯವಾಗಿ ಹೇಳಬೇಕೆಂದರೆ ಈ ಧರ್ಮಗುರುಗಳು ಬಾಯಿ ಮುಚ್ಚಿಕೊಂಡು ಕೂತವರಲ್ಲ. 1963ರ ಜನವರಿ 14ರಂದು ಅಲಬಾಮಾದ ಹೊಸ ಗವರ್ನರ್ ಜಾರ್ಜ್ ವಾಲೇಸ್ ಪ್ರಮಾಣವಚನದ ಭಾಷಣದಲ್ಲಿ ಇವತ್ತೂ, ನಾಳೆಯೂ, ಎಂದೆಂದಿಗೂ ಪ್ರತ್ಯೇಕತೆಯೇ ಇರಲಿ ಅಂತ ಗುಡುಗಿದ. ಎರಡೇ ದಿನಕ್ಕೆ, ಈ ಎಂಟು ಜನರೂ ಸೇರಿ ಹನ್ನೊಂದು ಜನ ಧರ್ಮಗುರುಗಳು ಅದಕ್ಕೆ ಉತ್ತರವಾಗಿ ಹೇಳಿಕೆ ಕೊಟ್ಟರು. ಕೋರ್ಟಿನ ಆದೇಶವನ್ನು ಮೀರಬಾರದು, ದ್ವೇಷಕ್ಕೂ ಹಿಂಸೆಗೂ ಧರ್ಮದ ಒಪ್ಪಿಗೆ ಇಲ್ಲ, ಪ್ರತಿ ಮನುಷ್ಯನೂ ದೇವರ ರೂಪದಲ್ಲಿ ಹುಟ್ಟಿದವನು, ಅವನಿಗೆ ಗೌರವ ಸಲ್ಲಬೇಕು ಅಂತ.

ಆ ದಿನಗಳ ಅಲಬಾಮಾದಲ್ಲಿ ಬಿಳಿಯರು ಇಷ್ಟು ಹೇಳುವುದೂ ಸಣ್ಣ ಮಾತಲ್ಲ. ಬೈಗುಳದ ಪತ್ರಗಳು ಬಂದವು. ರಬ್ಬಿ ಗ್ರಾಫ್‌ಮನ್ ಅವರ ಸಮುದಾಯಕ್ಕೆ ಇನ್ನೊಂದು ಭಯವೂ ಇತ್ತು. 1958ರಲ್ಲಿ ಅದೇ ಊರಿನ ಇನ್ನೊಂದು ಯಹೂದಿ ಮಂದಿರದ ಹೊರಗೆ 54 ಡೈನಮೈಟ್ ಕಡ್ಡಿಗಳು ಸಿಕ್ಕಿದ್ದವು, ಅದೃಷ್ಟಕ್ಕೆ ಸಿಡಿಯಲಿಲ್ಲ. ಅಂದರೆ ಇವರು ಸುರಕ್ಷಿತ ಕೋಣೆಯಲ್ಲಿ ಕೂತು ಉಪದೇಶ ಮಾಡಿದವರು ಅಂತ ತಳ್ಳಿಹಾಕಲು ಆಗುವುದಿಲ್ಲ. ಅದಕ್ಕೇ ಈ ಪ್ರಕರಣ ನನ್ನನ್ನು ಕಾಡುವುದು.

ಆದರೆ ಜನವರಿಯ ಹೇಳಿಕೆಯಲ್ಲೂ ಒಂದು ವಿಷಯ ಗಮನಿಸಬೇಕು. ಅದು ಬಿಳಿಯರು ಬಿಳಿಯರಿಗೆ ಹೇಳಿದ ಮಾತು. ಗಲಾಟೆ ಬೇಡ, ಕಾನೂನು ಮೀರಬೇಡಿ ಅನ್ನುವುದೇ ಅದರ ಜೀವ. ಕಾನೂನು ಮೀರುವವನು ವಾಲೇಸ್ ಆಗಿದ್ದಾಗ ಈ ತತ್ವ ಕಪ್ಪು ಜನರ ಪರವಾಗಿ ಕಂಡಿತು. ಮೂರು ತಿಂಗಳಾದ ಮೇಲೆ ಬೀದಿಗಿಳಿದವರು ಕಪ್ಪು ಜನರೇ ಆದಾಗ, ಅದೇ ತತ್ವ ಅವರ ಕಡೆಗೇ ತಿರುಗಿತು. ಎಂಟು ಜನರೂ ಬದಲಾಗಿರಲಿಲ್ಲ. ಶಾಂತಿ ಕದಡಬಾರದು ಅನ್ನುವುದು ಅವರಿಗೆ ಮೊದಲಿನಿಂದಲೂ ಎಲ್ಲಕ್ಕಿಂತ ಮುಖ್ಯವಾಗಿತ್ತು.

ಏಪ್ರಿಲ್ 12

ಏಪ್ರಿಲ್ 3ರಂದು ಚಳವಳಿ ಶುರುವಾಯಿತು. ಊಟದ ಕೌಂಟರುಗಳಲ್ಲಿ ಹೋಗಿ ಕೂರುವುದು, ಮೆರವಣಿಗೆ, ಈಸ್ಟರ್ ಹಬ್ಬದ ವ್ಯಾಪಾರದ ಸಮಯಕ್ಕೆ ಸರಿಯಾಗಿ ಅಂಗಡಿಗಳ ಬಹಿಷ್ಕಾರ. ಏಪ್ರಿಲ್ 10ರಂದು ರಾಜ್ಯದ ಕೋರ್ಟು ಮೆರವಣಿಗೆಗಳಿಗೆ ತಡೆಯಾಜ್ಞೆ ಕೊಟ್ಟಿತು. 12ನೇ ತಾರೀಕು ಗುಡ್ ಫ್ರೈಡೇ. ಮಾರ್ಟಿನ್ ಲೂಥರ್ ಕಿಂಗ್ ಮತ್ತು ಅವರ ಜೊತೆಗಾರ ರಾಲ್ಫ್ ಅಬರ್ನಾಥಿ ತಡೆಯಾಜ್ಞೆ ಮೀರಿ ನಡೆದರು. ಬಂಧನವಾಯಿತು. ಕಿಂಗ್ ಅವರನ್ನು ಒಂಟಿ ಕೋಣೆಗೆ ಹಾಕಿದರು. ಅವರ ನಾಲ್ಕನೇ ಮಗು ಹುಟ್ಟಿ ಆಗ ಇನ್ನೂ ಹದಿನೈದು ದಿನ.

ಎಂಟು ಜನರ ಹೇಳಿಕೆ ಬಂದದ್ದು ಅದೇ ದಿನ. ಅದು ತುಂಬಾ ಚಿಕ್ಕದು. ಬೈಗುಳ ಇಲ್ಲ, ಒರಟು ಮಾತಿಲ್ಲ. ಸಾರಾಂಶ ಇಷ್ಟು: ಈ ಪ್ರತಿಭಟನೆಗಳು ಜಾಣತನದ್ದಲ್ಲ, ಸಮಯವೂ ಸರಿಯಿಲ್ಲ, ಸ್ವಲ್ಪಮಟ್ಟಿಗೆ ಹೊರಗಿನವರು ಬಂದು ನಡೆಸುತ್ತಿದ್ದಾರೆ, ಊರಿನವರೇ ಕೂತು ಮಾತಾಡಿ ಬಗೆಹರಿಸಿಕೊಳ್ಳಬೇಕು, ಇಲ್ಲವಾದರೆ ಕೋರ್ಟಿಗೆ ಹೋಗಬೇಕು, ಪೊಲೀಸರು ಮತ್ತು ಪತ್ರಿಕೆಗಳು ಸಮಾಧಾನದಿಂದ ನಡೆದುಕೊಂಡದ್ದಕ್ಕೆ ಮೆಚ್ಚುಗೆ, ನಮ್ಮ ಊರಿನ ಕಪ್ಪು ಸಮುದಾಯದವರು ಈ ಪ್ರತಿಭಟನೆಗಳಿಗೆ ಬೆಂಬಲ ಕೊಡಬಾರದು.

ಒಂದೊಂದೇ ಮಾತನ್ನು ಆ ಊರಿನ ವಾಸ್ತವದ ಪಕ್ಕ ಇಟ್ಟು ನೋಡೋಣ.

ಸಮಯ ಸರಿಯಿಲ್ಲ ಅನ್ನುವುದರ ಹಿಂದೆ ಒಂದು ಕಾರಣ ಇತ್ತು. ಏಪ್ರಿಲ್ 2ರ ಮೇಯರ್ ಚುನಾವಣೆಯಲ್ಲಿ ಆಲ್ಬರ್ಟ್ ಬೌಟ್‌ವೆಲ್ ಎದುರು ಬುಲ್ ಕಾನರ್ ಸೋತಿದ್ದ. ಹೊಸ ಆಡಳಿತಕ್ಕೆ ಸ್ವಲ್ಪ ಸಮಯ ಕೊಡಿ ಅನ್ನುವುದು ಬಿಳಿಯರ ವಾದ. ಕೇಳಲು ಸರಿ ಅನಿಸುತ್ತದೆ ಅಲ್ವಾ? ಆದರೆ ಚಳವಳಿಯವರು ಈ ಚುನಾವಣೆಗೋಸ್ಕರವೇ ಎರಡು ಸಲ ಪ್ರತಿಭಟನೆ ಮುಂದೂಡಿದ್ದರು. ಮಾರ್ಚ್‌ನಲ್ಲಿ ಮೊದಲ ಸುತ್ತಿನ ಮತದಾನ ಮುಗಿಯಲಿ ಅಂತ ಒಂದು ಸಲ, ಎರಡನೇ ಸುತ್ತು ಮುಗಿಯಲಿ ಅಂತ ಇನ್ನೊಂದು ಸಲ. ಗೆದ್ದ ಬೌಟ್‌ವೆಲ್ ಕೂಡ ಪ್ರತ್ಯೇಕತೆಯ ಪರವಾಗಿದ್ದವನೇ, ಮಾತು ಮಾತ್ರ ಮೆದು. ಸೋತ ಕಾನರ್ ಕುರ್ಚಿ ಬಿಡಲು ಒಪ್ಪದೆ ಕೋರ್ಟಿಗೆ ಹೋದ, ಮೇ 23ರವರೆಗೆ ಊರಿಗೆ ಎರಡೆರಡು ಆಡಳಿತ ಇತ್ತು.

ಹೊರಗಿನವರು ಅನ್ನುವ ಮಾತು. ಕಿಂಗ್ ಅಟ್ಲಾಂಟಾದಿಂದ ಬಂದವರು, ನಿಜ. ಅವರನ್ನು ಕರೆಸಿದ್ದು ಫ್ರೆಡ್ ಷಟಲ್ಸ್‌ವರ್ತ್ ಎಂಬ ಪಾದ್ರಿ. ಅಲಬಾಮಾ ರಾಜ್ಯ 1956ರಲ್ಲಿ ಕಪ್ಪು ಜನರ ಹಕ್ಕುಗಳಿಗೆ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ಚಟುವಟಿಕೆಯನ್ನೇ ನಿಲ್ಲಿಸಿದಾಗ, ಅವರು ಬರ್ಮಿಂಗ್‌ಹ್ಯಾಮ್‌ನಲ್ಲಿ ಸ್ವಂತ ಸಂಘಟನೆ ಕಟ್ಟಿದರು. ಆ ವರ್ಷದ ಕ್ರಿಸ್‌ಮಸ್ ರಾತ್ರಿ ಅವರ ಮನೆಗೆ ಬಾಂಬ್ ಬಿತ್ತು. ಮನೆ ಕುಸಿಯಿತು, ಅವರು ಬದುಕಿದರು, ಮಾರನೇ ದಿನವೇ ಬಸ್ಸುಗಳಲ್ಲಿ ಬಿಳಿಯರ ಸೀಟಿನಲ್ಲಿ ಕೂರುವ ಚಳವಳಿ ನಡೆಸಿದರು. 1957ರಲ್ಲಿ ತಮ್ಮ ಹೆಣ್ಣುಮಕ್ಕಳನ್ನು ಬಿಳಿಯರ ಶಾಲೆಗೆ ಸೇರಿಸಲು ಹೋದಾಗ ಒಂದು ಗುಂಪು ಅವರನ್ನು ಸರಪಳಿಗಳಿಂದ ಹೊಡೆಯಿತು. ಏಳು ವರ್ಷ ಊರಿನವರೇ ಹೀಗೆ ಏಟು ತಿಂದು ಕೇಳಿದ ಬೇಡಿಕೆ ಅದು. ಎಂಟು ಜನ ಗುರುಗಳಿಗೆ ಆ ಏಳು ವರ್ಷ ಕಾಣದೆ, ಏಪ್ರಿಲ್‌ನಲ್ಲಿ ಬಂದ ಅತಿಥಿ ಮಾತ್ರ ಕಂಡರು.

ಕೂತು ಮಾತಾಡಿ ಅನ್ನುವುದು. ಮಾತುಕತೆ ಆಗಿತ್ತು. 1962ರ ಸೆಪ್ಟೆಂಬರ್‌ನಲ್ಲಿ ಅಂಗಡಿ ಮಾಲೀಕರು ಬಿಳಿಯರಿಗೆ ಮಾತ್ರ ಅನ್ನುವ ಬೋರ್ಡುಗಳನ್ನು ತೆಗೆಯುತ್ತೇವೆ ಅಂತ ಒಪ್ಪಿದ್ದರು, ಪ್ರತಿಭಟನೆ ನಿಲ್ಲಿಸಬೇಕು ಅನ್ನುವ ಷರತ್ತಿನ ಮೇಲೆ. ಪ್ರತಿಭಟನೆ ನಿಂತಿತು. ಕೆಲವು ಬೋರ್ಡುಗಳು ಕೆಳಗಿಳಿದವು. ಸ್ವಲ್ಪ ದಿನಕ್ಕೆ ಮತ್ತೆ ಅದೇ ಜಾಗಕ್ಕೆ ಬಂದವು.

ಕೋರ್ಟಿಗೆ ಹೋಗಿ ಅನ್ನುವುದು. ಶಾಲೆಗಳಲ್ಲಿ ಪ್ರತ್ಯೇಕತೆ ಸಲ್ಲದು ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1954ರಲ್ಲಿ. ಒಂಬತ್ತು ವರ್ಷ ಆಗಿದ್ದರೂ ಬರ್ಮಿಂಗ್‌ಹ್ಯಾಮ್‌ನ ಬಿಳಿಯರ ಶಾಲೆಗಳಲ್ಲಿ ಒಂದು ಕಪ್ಪು ಮಗು ಇರಲಿಲ್ಲ. ಪಾರ್ಕುಗಳನ್ನು ಎಲ್ಲರಿಗೂ ತೆರೆಯಿರಿ ಅಂತ 1961ರಲ್ಲಿ ಫೆಡರಲ್ ಕೋರ್ಟ್ ಹೇಳಿತು. ನಗರ ಆಡಳಿತ 67 ಪಾರ್ಕುಗಳನ್ನೂ ಮುಚ್ಚಿಬಿಟ್ಟಿತು. ಕಪ್ಪು ಮಕ್ಕಳ ಜೊತೆ ಆಡುವುದಕ್ಕಿಂತ ತಮ್ಮ ಮಕ್ಕಳಿಗೂ ಆಟದ ಬಯಲು ಇಲ್ಲದಿದ್ದರೂ ಸರಿ ಅಂತ ಆರಿಸಿಕೊಂಡ ಊರು ಅದು. ಗುಡ್ ಫ್ರೈಡೇ ಮೆರವಣಿಗೆಯ ವಿಷಯವೂ ಕೋರ್ಟಿಗೇ ಹೋಯಿತು. ನಾಲ್ಕು ವರ್ಷ ಬಿಟ್ಟು, 1967ರಲ್ಲಿ, ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕು ಮತಗಳಿಂದ ಕಿಂಗ್ ಅವರ ಶಿಕ್ಷೆ ಸರಿ ಅಂದಿತು, ಅವರು ಮತ್ತೆ ಹೋಗಿ ಜೈಲಿನಲ್ಲಿ ಕೂತರು. ಮೆರವಣಿಗೆಗೆ ಅನುಮತಿ ಬೇಕು ಅನ್ನುವ ಆ ನಗರ ಕಾನೂನೇ ಸಂವಿಧಾನಕ್ಕೆ ವಿರುದ್ಧ ಅಂತ ಷಟಲ್ಸ್‌ವರ್ತ್ ಅವರ ಇನ್ನೊಂದು ಮೊಕದ್ದಮೆಯಲ್ಲಿ ತೀರ್ಪು ಬಂದಾಗ 1969. ಕಿಂಗ್ ಹತ್ಯೆಯಾಗಿ ವರ್ಷ ಆಗುತ್ತ ಬಂದಿತ್ತು.

ಇನ್ನು ಪೊಲೀಸರ ಮೆಚ್ಚುಗೆ. ಹೇಳಿಕೆ ಬರುವ ಐದು ದಿನ ಮೊದಲು, ಏಪ್ರಿಲ್ 7ರ ಭಾನುವಾರ, ಪೊಲೀಸ್ ನಾಯಿಗಳು ಆಗಲೇ ಬೀದಿಗೆ ಬಂದಿದ್ದವು. ಎರಡು ವರ್ಷದ ಹಿಂದೆ ಕ್ಲ್ಯಾನ್‌ಗೆ ಹದಿನೈದು ನಿಮಿಷ ಕೊಟ್ಟದ್ದು ಇದೇ ಪೊಲೀಸರು. ಒಬ್ಬ ಬಿಳಿ ಪಾದ್ರಿಗೆ ಪೊಲೀಸ್ ಅಂದರೆ ಚರ್ಚಿನ ಮುಂದೆ ವಾಹನಗಳಿಗೆ ದಾರಿ ಮಾಡಿಕೊಡುವ ಸಜ್ಜನ. ಅವರು ನೋಡಿದ್ದನ್ನೇ ಬರೆದರು, ಸುಳ್ಳು ಬರೆಯಲಿಲ್ಲ ಅಂತ ನಾನು ನಂಬುತ್ತೇನೆ. ತಮಗೆ ಕಾಣದ್ದನ್ನು ಕಂಡವರ ಹತ್ತಿರ ಹೋಗಿ ಕೇಳಲಿಲ್ಲ, ಅಷ್ಟೇ. ಕೇಳದೆ ಇಡೀ ಕಪ್ಪು ಸಮುದಾಯಕ್ಕೆ ಬುದ್ಧಿ ಹೇಳಿದರು.

ಹೇಳಿಕೆಯಲ್ಲಿ ಇಲ್ಲದ್ದು ಇನ್ನೂ ಮುಖ್ಯ. ಪ್ರತಿಭಟನೆ ಯಾಕೆ ಆಗುತ್ತಿದೆ ಅನ್ನುವುದರ ಬಗ್ಗೆ ಅಲ್ಲಿ ಹೆಚ್ಚೇನೂ ಇಲ್ಲ. ಊಟದ ಕೌಂಟರ್ ಇಲ್ಲ, ಬೋರ್ಡು ಇಲ್ಲ, ಬಾಂಬ್ ಇಲ್ಲ. ಜನ ಬೀದಿಗೆ ಬಂದದ್ದಕ್ಕೆ ದುಃಖ ಇದೆ, ಜನರನ್ನು ಬೀದಿಗೆ ತಂದದ್ದರ ಬಗ್ಗೆ ದುಃಖ ಇಲ್ಲ.

ಜೈಲಿನ ಪತ್ರ

ಕಿಂಗ್ ಈ ಹೇಳಿಕೆ ಓದಿದ್ದು ಜೈಲಿಗೆ ಬಂದ ಪತ್ರಿಕೆಯಲ್ಲಿ. ಉತ್ತರ ಬರೆಯಲು ಶುರು ಮಾಡಿದ್ದು ಅದೇ ಪತ್ರಿಕೆಯ ಅಂಚುಗಳಲ್ಲಿ, ಆಮೇಲೆ ಸಿಕ್ಕ ಚೂರುಪಾರು ಕಾಗದದಲ್ಲಿ. ವಕೀಲರು ಅವನ್ನು ಹೊರಗೆ ಸಾಗಿಸಿದರು. ಹೊರಗೆ ಕಿಂಗ್ ಅವರ ಸಹಾಯಕ ವ್ಯಾಟ್ ಟೀ ವಾಕರ್ ಮತ್ತು ಕಚೇರಿಯವರು ಆ ಅಕ್ಷರಗಳನ್ನು ಬಿಡಿಸಿ ಓದಿ ಟೈಪ್ ಮಾಡಿಸಿದರು. ಏಪ್ರಿಲ್ 16ರ ತಾರೀಕು ಇರುವ, ಹೆಚ್ಚು ಕಡಿಮೆ ಏಳು ಸಾವಿರ ಪದಗಳ ಪತ್ರ ಅದು.

ಪತ್ರದ ಎಲ್ಲಾ ವಾದಗಳಿಗೆ ನಾನು ಇಲ್ಲಿ ಹೋಗುವುದಿಲ್ಲ. ನಮ್ಮ ಪ್ರಕರಣಕ್ಕೆ ಬೇಕಾದ ಭಾಗ ಒಂದೇ. ಕಪ್ಪು ಜನರ ದಾರಿಗೆ ದೊಡ್ಡ ಅಡ್ಡಿ ಕ್ಲ್ಯಾನ್‌ನವನಲ್ಲ, ನ್ಯಾಯಕ್ಕಿಂತ ಶಿಸ್ತನ್ನು ಹೆಚ್ಚು ಪ್ರೀತಿಸುವ ಮಿತವಾದಿ ಬಿಳಿಯನೇ ಇರಬೇಕು ಅನ್ನುವ ತೀರ್ಮಾನಕ್ಕೆ ತಾನು ಹತ್ತಿರ ಬಂದಿದ್ದೇನೆ ಅಂತ ಕಿಂಗ್ ಬರೆದರು. ನಿಮ್ಮ ಗುರಿ ಒಪ್ಪುತ್ತೇನೆ, ನಿಮ್ಮ ದಾರಿ ಒಪ್ಪುವುದಿಲ್ಲ ಅಂತ ಸದಾ ಹೇಳುವವನು. ಇನ್ನೊಬ್ಬನ ಬಿಡುಗಡೆಗೆ ತಾನು ಕ್ಯಾಲೆಂಡರ್ ಹಾಕಿಕೊಡಬಹುದು ಅಂದುಕೊಂಡವನು. ಕೆಟ್ಟ ಮನಸ್ಸಿನವರ ಪೂರ್ತಿ ತಪ್ಪು ತಿಳಿವಳಿಕೆಗಿಂತ ಒಳ್ಳೆಯ ಮನಸ್ಸಿನವರ ಅರೆಬರೆ ತಿಳಿವಳಿಕೆ ಹೆಚ್ಚು ಬೇಸರ ತರಿಸುತ್ತದೆ ಅಂತಲೂ ಬರೆದರು.

ಇಷ್ಟು ಕಠಿಣವಾಗಿ ಬರೆಯುವಾಗಲೂ ಅವರು ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಲಿಲ್ಲ. ಅರ್ಲ್ ಸ್ಟಾಲಿಂಗ್ಸ್ ತಮ್ಮ ಚರ್ಚಿನೊಳಗೆ ಕಪ್ಪು ಜನರನ್ನು ಬರಮಾಡಿಕೊಂಡದ್ದನ್ನು ಹೆಸರು ಹೇಳಿ ಮೆಚ್ಚಿದರು. ದಕ್ಷಿಣದ ಕೆಲವು ಬಿಳಿಯರು ಜೊತೆಗೆ ನಡೆದು ಜೈಲು ಕಂಡದ್ದನ್ನೂ ನೆನೆದರು. ಬಿಳಿಯರಿಂದ ಏನು ಸಾಧ್ಯ ಅನ್ನುವುದಕ್ಕೆ ಅವರ ಹತ್ತಿರ ಉದಾಹರಣೆಗಳಿದ್ದವು. ಅದಕ್ಕೇ ಎಂಟು ಜನರಿಂದ ಅಷ್ಟು ನಿರೀಕ್ಷೆ ಇಟ್ಟುಕೊಂಡಿದ್ದರು ಅಂತ ನನಗನಿಸುತ್ತದೆ.

ನೋವು ಯಾರದ್ದಾಯಿತು

ಪತ್ರ ಎಂಟು ಜನರ ಮನೆಗೆ ಅಂಚೆಯಲ್ಲಿ ಹೋಗಲಿಲ್ಲ. ಅಚ್ಚಾಗಿ ಊರೆಲ್ಲಾ ಓದಿದ ಮೇಲೆ ಅವರಿಗೂ ಗೊತ್ತಾಯಿತು. ಅವರಿಗೆ ತುಂಬಾ ನೋವಾಯಿತು. ಏನಾದರೂ ಒಳ್ಳೆಯದು ಮಾಡಲು ಹೋದರೆ ಎರಡು ಕಡೆಯಿಂದಲೂ ಏಟು ಬೀಳುತ್ತದೆ ಅನ್ನುವ ಭಾವನೆ ಬಿಷಪ್ ಕಾರ್ಪೆಂಟರ್ ಅವರದಾಗಿತ್ತು. ರಬ್ಬಿ ಗ್ರಾಫ್‌ಮನ್ ಅವರಿಗಂತೂ ಆ ಕಹಿ ಕೊನೆಯವರೆಗೂ ಹೋಗಲಿಲ್ಲ. ತಾವು ಮೊದಲು ಮಾಡಿದ ಕೆಲಸವನ್ನು ಯಾರೂ ನೋಡಲಿಲ್ಲ, ಜಗತ್ತು ತಮ್ಮನ್ನು ಆ ಒಂದು ಕಾಗದದಿಂದ ಮಾತ್ರ ಅಳೆಯಿತು ಅನ್ನುವ ಸಂಕಟ ಅವರದು.

ಈ ನೋವು ನಿಜವಾದದ್ದು. ಅದನ್ನು ಅಣಕಿಸಲು ನನಗೆ ಮನಸ್ಸಿಲ್ಲ. ಆದರೆ ಇಲ್ಲಿ ನಡೆದದ್ದನ್ನು ನಿಧಾನವಾಗಿ ನೋಡಬೇಕು. ಟೀಕೆ ಬಂತು, ಟೀಕೆಯಲ್ಲಿ ಹತ್ತಾರು ಸಂಗತಿಗಳಿದ್ದವು. ಬೋರ್ಡು ಮತ್ತೆ ಏರಿಸಿದ್ದು ಸುಳ್ಳಾ? ನಾಯಿ ಬಿಟ್ಟದ್ದು ಸುಳ್ಳಾ? ಆ ಪ್ರಶ್ನೆಗಳಿಗೆ ಎಂಟು ಜನ ಸೇರಿ ಇನ್ನೊಂದು ಹೇಳಿಕೆಯಲ್ಲಿ ಉತ್ತರ ಕೊಡಲಿಲ್ಲ. ಮಾತು ತಿರುಗಿದ್ದು ಬೇರೆ ಕಡೆಗೆ: ನಾವು ಒಳ್ಳೆಯವರಾ ಅಲ್ಲವಾ, ನಮಗೆ ಅನ್ಯಾಯ ಆಯಿತಾ ಇಲ್ಲವಾ. ಒಂಟಿ ಕೋಣೆಯಲ್ಲಿದ್ದವನ ಮಾತು ಹೊರಗಿದ್ದವರ ಮರ್ಯಾದೆಯ ಪ್ರಶ್ನೆ ಆಗಿಹೋಯಿತು. ಒಳ್ಳೆಯ ಮನಸ್ಸಿನ ಬಿಳಿಯರು ವರ್ಣಭೇದದ ಮಾತು ಬಂದಾಗ ಹೇಗೆ ನಡೆದುಕೊಳ್ಳುತ್ತಾರೆ ಅಂತ ನನ್ನನ್ನು ಕೇಳಿದರೆ, ಇಡೀ ಪ್ರಕರಣದಲ್ಲಿ ನಾನು ಬೆರಳಿಟ್ಟು ತೋರಿಸುವುದು ಈ ತಿರುವನ್ನು. ಮೊದಲ ಹೇಳಿಕೆ ತಿಳಿಯದೆ ಆದ ತಪ್ಪು ಅನ್ನಬಹುದು. ಏಳು ಸಾವಿರ ಪದಗಳಲ್ಲಿ ತಿಳಿಸಿಕೊಟ್ಟ ಮೇಲೂ ತಮ್ಮ ಹೆಸರಿನ ಬಗ್ಗೆಯೇ ಯೋಚನೆ ಹೋದರೆ ಅದಕ್ಕೆ ಏನು ಹೇಳುವುದು?

ಬಗೆಹರಿಸಿದ್ದು ಯಾರು

ಮೇ 2ರಂದು ಶಾಲಾಮಕ್ಕಳು ಬೀದಿಗಿಳಿದರು. ಚಳವಳಿಯ ಸಂಘಟಕ ಜೇಮ್ಸ್ ಬೆವೆಲ್ ಅವರ ಯೋಜನೆ ಅದು. ಹದಿನಾರನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಿಂದ ಸಾವಿರಕ್ಕೂ ಹೆಚ್ಚು ಮಕ್ಕಳು ಹಾಡುತ್ತಾ ಹೊರಟರು, ನೂರಾರು ಮಕ್ಕಳ ಬಂಧನವಾಯಿತು. ಮಾರನೇ ದಿನ ಕಾನರ್ ನೀರಿನ ಪೈಪುಗಳನ್ನೂ ನಾಯಿಗಳನ್ನೂ ಅವರ ಮೇಲೆ ಬಿಟ್ಟ. ಆ ಫೋಟೋಗಳು ಜಗತ್ತೆಲ್ಲಾ ಹೋದವು. ಮಕ್ಕಳನ್ನು ಇದಕ್ಕೆ ಬಳಸಬಾರದಿತ್ತು ಅನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅದು ಬೇರೆಯೇ ಚರ್ಚೆ.

ಮೇ 10ಕ್ಕೆ ಒಪ್ಪಂದ ಆಯಿತು. ಊಟದ ಕೌಂಟರು, ಶೌಚಾಲಯ, ಅಳತೆಯ ಕೋಣೆ, ಕುಡಿಯುವ ನೀರಿನ ನಲ್ಲಿ ಇವುಗಳಲ್ಲಿ ಪ್ರತ್ಯೇಕತೆ ತೆಗೆಯುವುದು, ಅಂಗಡಿಗಳಲ್ಲಿ ಕಪ್ಪು ಜನರಿಗೂ ಮೇಲಿನ ಕೆಲಸ ಕೊಡುವುದು. ಬಿಳಿಯರ ಕಡೆಯಿಂದ ಮಾತುಕತೆಗೆ ಮುಂದೆ ನಿಂತವರಲ್ಲಿ ಸಿಡ್ನಿ ಸ್ಮೈಯರ್ ಒಬ್ಬ. ಜಮೀನು ವ್ಯವಹಾರದವನು. ಪ್ರತ್ಯೇಕತೆಯನ್ನು ನಂಬಿದವನು, ಅದನ್ನು ಮುಚ್ಚಿಟ್ಟವನೂ ಅಲ್ಲ. 1961ರಲ್ಲಿ ರೋಟರಿ ಸಮ್ಮೇಳನಕ್ಕೆ ಟೋಕಿಯೊಗೆ ಹೋದಾಗ ತನ್ನ ಊರಿನ ಬಸ್ ನಿಲ್ದಾಣದಲ್ಲಿ ಜನರನ್ನು ಹೊಡೆಯುತ್ತಿರುವ ಫೋಟೋ ಅಲ್ಲಿನ ಪತ್ರಿಕೆಯಲ್ಲಿ ನೋಡಿದ. ಬರ್ಮಿಂಗ್‌ಹ್ಯಾಮ್‌ನವನು ಅಂದ ಕೂಡಲೇ ಹೊರದೇಶದ ವ್ಯಾಪಾರಿಗಳು ಮುಖ ತಿರುಗಿಸಿದರು. ನಾನು ಪ್ರತ್ಯೇಕತೆಯ ಪರವೇ, ಆದರೆ ದಡ್ಡ ಅಲ್ಲ ಅನ್ನುವ ಅರ್ಥದ ಅವನ ಮಾತು ಪ್ರಸಿದ್ಧ.

ಇದು ನನಗೆ ಈ ಪ್ರಕರಣದ ತುಂಬಾ ಕಷ್ಟದ ಭಾಗ. ಮನಸ್ಸು ಒಳ್ಳೆಯದಿದ್ದ ಎಂಟು ಜನ ಪ್ರತಿಭಟನೆ ನಿಲ್ಲಿಸಿ ಅಂದರು. ಮನಸ್ಸು ಆ ಕಡೆ ಇಲ್ಲದ ಒಬ್ಬ ವ್ಯಾಪಾರಿ, ಅಂಗಡಿಗಳ ಗಲ್ಲಾಪೆಟ್ಟಿಗೆ ಖಾಲಿಯಾದ ಮೇಲೆ, ಮೇಜಿನ ಮುಂದೆ ಕೂತು ಒಪ್ಪಂದ ಮಾಡಿದ. ಸ್ಮೈಯರ್ ದೊಡ್ಡ ಮನುಷ್ಯ ಅಂತ ನಾನು ಹೇಳುತ್ತಿಲ್ಲ. ಕೌಂಟರಿನಲ್ಲಿ ಕೂತು ಒಂದು ಕಾಫಿ ಕುಡಿಯಬೇಕಾಗಿದ್ದ ಕಪ್ಪು ಹೆಂಗಸಿಗೆ ಬಿಳಿಯರ ಒಳಮನಸ್ಸು ಹೇಗಿದೆ ಅನ್ನುವುದು ದೊಡ್ಡ ಪ್ರಶ್ನೆ ಆಗಿರಲಿಲ್ಲ. ಅವಳಿಗೆ ಬೇಕಿದ್ದದ್ದು ಬೋರ್ಡು ಕೆಳಗಿಳಿಯುವುದು. ಬೋರ್ಡು ಇಳಿಸಿದ್ದು ಬಹಿಷ್ಕಾರ, ಮೆರವಣಿಗೆ, ಜೈಲು ತುಂಬಿದ ಮಕ್ಕಳು. ಅಂದರೆ ಎಂಟು ಜನ ಬೇಡ ಅಂದದ್ದೇ.

ಇಲ್ಲಿ ನಮ್ಮವರ ಮಾತೂ ಸ್ವಲ್ಪ ಬರುತ್ತದೆ. ಭಾರತದಿಂದ ಅಮೆರಿಕಕ್ಕೆ ವರ್ಷಕ್ಕೆ ಬರೀ ನೂರು ಜನ ವಲಸೆ ಹೋಗಬಹುದು ಅನ್ನುವ ಮಿತಿ 1946ರಿಂದ ಇತ್ತು. ದೇಶ ನೋಡಿ ಕೋಟಾ ಕೊಡುವ ಪದ್ಧತಿಯನ್ನು ಕೊನೆ ಮಾಡಿದ್ದು 1965ರ ವಲಸೆ ಕಾನೂನು. ಬರ್ಮಿಂಗ್‌ಹ್ಯಾಮ್ ನಂತರ 1964ರಲ್ಲಿ ನಾಗರಿಕ ಹಕ್ಕುಗಳ ಕಾನೂನು ಬಂತು, 1965ರಲ್ಲಿ ಮತದಾನದ ಹಕ್ಕಿನ ಕಾನೂನು, ಅದೇ ಅಲೆಯಲ್ಲಿ ಇದೂ ಬಂತು. ನಮ್ಮ ಊರುಗಳಿಂದ ಡಾಕ್ಟರಾಗಿ, ಇಂಜಿನಿಯರಾಗಿ ಹೋಗಿ ಅಲ್ಲಿ ಮನೆ ಮಾಡಿದವರ ದಾರಿಯಲ್ಲಿ ಈ ಮೆರವಣಿಗೆಗಳ ಪಾಲು ಇದೆ. ಅಲ್ಲಿ ಇವತ್ತು ಕಪ್ಪು ಜನರ ಪ್ರತಿಭಟನೆಯ ಸುದ್ದಿ ಬಂದಾಗ, ನಮ್ಮವರ ಮನೆಯಲ್ಲಿ ಮೊದಲು ಬರುವ ಪ್ರಶ್ನೆ ರಸ್ತೆ ಯಾಕೆ ತಡೆದರು, ಇದೇ ಸಮಯ ಬೇಕಿತ್ತಾ ಅಂತ ಆದರೆ, ಅದು ಏಪ್ರಿಲ್ 12ರ ಹೇಳಿಕೆಯ ಪ್ರಶ್ನೆಯೇ. ಇದನ್ನು ಸುಮ್ನೆ ಚುಚ್ಚಲು ಬರೆಯುತ್ತಿಲ್ಲ, ಆ ಪ್ರಶ್ನೆ ಬಾಯಿಗೆ ಎಷ್ಟು ಸುಲಭವಾಗಿ ಬರುತ್ತದೆ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ.

ಸೆಪ್ಟೆಂಬರ್ 16ರ ಭಾಷಣ

1963ರ ಸೆಪ್ಟೆಂಬರ್ 15, ಭಾನುವಾರ ಬೆಳಗ್ಗೆ ಹದಿನಾರನೇ ಬೀದಿಯ ಚರ್ಚಿನಲ್ಲಿ ಬಾಂಬ್ ಸಿಡಿಯಿತು. ಆಡಿ ಮೇ ಕಾಲಿನ್ಸ್, ಸಿಂಥಿಯಾ ವೆಸ್ಲಿ, ಕ್ಯಾರೊಲ್ ರಾಬರ್ಟ್‌ಸನ್ ಎಂಬ 14 ವರ್ಷದ ಮೂವರು ಮತ್ತು 11 ವರ್ಷದ ಡೆನಿಸ್ ಮೆಕ್‌ನೇರ್ ಸತ್ತರು. ಅದೇ ದಿನ ಊರಲ್ಲಿ ಇನ್ನಿಬ್ಬರು ಕಪ್ಪು ಹುಡುಗರು ಗುಂಡಿಗೆ ಬಲಿಯಾದರು, ಅವರಲ್ಲಿ ಒಬ್ಬ ಪೊಲೀಸ್ ಗುಂಡಿಗೆ.

ಮಾರನೇ ದಿನ ಚಾರ್ಲ್ಸ್ ಮಾರ್ಗನ್ ಎಂಬ 33 ವರ್ಷದ ಬಿಳಿ ವಕೀಲ ಯುವ ವ್ಯಾಪಾರಿಗಳ ಕ್ಲಬ್ಬಿನಲ್ಲಿ ಎದ್ದು ನಿಂತು ಮಾತಾಡಿದರು. ಯಾರು ಮಾಡಿದ್ದು ಅಂತ ಕೇಳುತ್ತಿದ್ದೀರಿ, ನಾವೆಲ್ಲರೂ ಮಾಡಿದ್ದು ಅಂದರು. ದ್ವೇಷದ ಮಾತು ಆಡಿದವರು, ಅದನ್ನು ಕೇಳಿ ನಕ್ಕವರು, ಸುಮ್ಮನಿದ್ದವರು, ಎಲ್ಲರೂ. ಎಂಟು ಜನರ ಹೇಳಿಕೆಗೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಮಾರ್ಗನ್ ಕಪ್ಪು ಜನರಿಗೆ ಯಾವ ಸಲಹೆಯನ್ನೂ ಕೊಡಲಿಲ್ಲ. ತಮ್ಮವರ ಮುಂದೆ ತಮ್ಮವರ ಬಗ್ಗೆ ಮಾತಾಡಿದರು, ತಮ್ಮನ್ನೂ ಆ ಲೆಕ್ಕದಲ್ಲಿ ಸೇರಿಸಿಕೊಂಡರು. ಬೆದರಿಕೆಗಳು ಬಂದವು. ವಕೀಲಿ ಕಚೇರಿ ಮುಚ್ಚಿ, ಹೆಂಡತಿ ಮಗನ ಜೊತೆ ಊರು ಬಿಟ್ಟರು. ಒಬ್ಬರಿಗೆ ಒಂದೇ ಮತ ಅನ್ನುವ ತತ್ವ ಗಟ್ಟಿ ಮಾಡಿದ, 1964ರಲ್ಲಿ ತೀರ್ಪು ಬಂದ ಅಲಬಾಮಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ವಾದಿಸಿದರು.

ಎಂಟು ಜನ, ಆಮೇಲೆ

ಏಪ್ರಿಲ್ 14ರ ಈಸ್ಟರ್ ದಿನ ಕಪ್ಪು ಭಕ್ತರು ಬಿಳಿಯರ ಚರ್ಚುಗಳಿಗೆ ಹೋದರು. ಕೆಲವು ಚರ್ಚುಗಳು ಬಾಗಿಲಲ್ಲೇ ವಾಪಸ್ ಕಳಿಸಿದವು. ಸ್ಟಾಲಿಂಗ್ಸ್ ತಮ್ಮ ಚರ್ಚಿಗೆ ಬಂದವರನ್ನು ಒಳಗೆ ಕೂರಿಸಿ, ಹೊರಡುವಾಗ ಕೈಕುಲುಕಿದರು. ಬಂದವರಲ್ಲಿ ಆಂಡ್ರ್ಯೂ ಯಂಗ್ ಇದ್ದರು, ಮುಂದೆ ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿ ಆದವರು. ಆ ಕೈಕುಲುಕಿದ ಫೋಟೋ ಪತ್ರಿಕೆಯಲ್ಲಿ ಬಂತು. ಸ್ಟಾಲಿಂಗ್ಸ್‌ಗೆ ತಮ್ಮದೇ ಚರ್ಚಿನಲ್ಲಿ ಬದುಕು ಕಷ್ಟವಾಯಿತು, 1965ರಲ್ಲಿ ಊರು ಬಿಟ್ಟರು. ಎರಡು ದಿನ ಮೊದಲು ಹಾಕಿದ ಸಹಿಗಿಂತ ಆ ಬಾಗಿಲು ಹೆಚ್ಚು ಬೆಲೆ ಕೇಳಿತು.

ಕಾರ್ಪೆಂಟರ್ ಹೆಚ್ಚು ದೂರ ನಡೆಯಲಿಲ್ಲ. ಮತದಾನದ ಹಕ್ಕಿಗಾಗಿ ಅಲಬಾಮಾದಲ್ಲೇ ನಡೆದ 1965ರ ಸೆಲ್ಮಾ ಮೆರವಣಿಗೆಯನ್ನೂ ಅವರು ವಿರೋಧಿಸಿದರು. ಅವರದೇ ಪಂಥದ ಜೊನಾಥನ್ ಡೇನಿಯಲ್ಸ್ ಎಂಬ ಬಿಳಿ ಯುವಕ, ಪಾದ್ರಿಯಾಗಲು ಓದುತ್ತಿದ್ದವನು, ಉತ್ತರದಿಂದ ಅಲಬಾಮಾಕ್ಕೆ ಬಂದು ಕಪ್ಪು ಕುಟುಂಬಗಳ ಜೊತೆ ಉಳಿದುಕೊಂಡು ಕೆಲಸ ಮಾಡುತ್ತಿದ್ದ. ಸೆಲ್ಮಾದ ಎಪಿಸ್ಕೋಪಲ್ ಚರ್ಚಿನಲ್ಲಿ ಕಪ್ಪು ಜನರಿಗೆ ಆಗುತ್ತಿದ್ದ ಅವಮಾನದ ಬಗ್ಗೆ ಕಾರ್ಪೆಂಟರ್ ಅವರಿಗೇ ದೂರು ಬರೆದಿದ್ದ. ಆಗಸ್ಟ್ 20ರಂದು ಹೇನ್‌ವಿಲ್ ಎಂಬ ಊರಿನಲ್ಲಿ, 17 ವರ್ಷದ ರೂಬಿ ಸೇಲ್ಸ್ ಎಂಬ ಕಪ್ಪು ಹುಡುಗಿಯ ಮೇಲೆ ಬಂದೂಕು ಎತ್ತಿದವನಿಗೆ ಅಡ್ಡ ಬಂದು ಸತ್ತ. ಗುಂಡು ಹಾರಿಸಿದವನನ್ನು ಬಿಳಿಯರೇ ತುಂಬಿದ್ದ ಜ್ಯೂರಿ ಬಿಡುಗಡೆ ಮಾಡಿತು.

ಡ್ಯೂರಿಕ್ ಮಾತ್ರ ಎಲ್ಲರಿಗಿಂತ ಹೆಚ್ಚು ಬದಲಾದರು. 1963ರ ಕೊನೆಗೆ ಟೆನೆಸ್ಸಿಯ ನ್ಯಾಶ್‌ವಿಲ್‌ಗೆ ನೇಮಕವಾದರು, ಮುಂದೆ ಅಲ್ಲಿನ ಬಿಷಪ್ ಆದರು. ಪತ್ರ ಅವರನ್ನು ನೋಯಿಸಿತ್ತು, ಆದರೆ ಅವರು ಅದರ ವಿರುದ್ಧ ವಾದ ಮಾಡುತ್ತಾ ಕೂರಲಿಲ್ಲ. ಕಪ್ಪು ಜನರ ಹಕ್ಕುಗಳ ಪರವಾಗಿ ಬಹಿರಂಗವಾಗಿ ನಿಂತರು, ಅದಕ್ಕೆ ತಮ್ಮದೇ ಭಕ್ತರಿಂದ ಸಾಕಷ್ಟು ವಿರೋಧ ಎದುರಿಸಿದರು. 1968ರಲ್ಲಿ ಕಿಂಗ್ ಹತ್ಯೆಯಾದ ಮೆಂಫಿಸ್ ಆಗ ಅವರದೇ ಧರ್ಮಪ್ರಾಂತ್ಯದಲ್ಲಿತ್ತು, ಅಲ್ಲಿನ ಶೋಕಸಭೆಯಲ್ಲಿ ಅವರೂ ಪಾಲ್ಗೊಂಡರು. 1975ರಲ್ಲಿ ಬಿಷಪ್ ಪದವಿಗೆ ರಾಜೀನಾಮೆ ಕೊಟ್ಟು ಜೈಲಿನಲ್ಲಿರುವ ಕೈದಿಗಳ ನಡುವೆ ಕೆಲಸ ಮಾಡಲು ಹೋದರು.